ದೇವದುರ್ಗದ ನೆತ್ತಿಯ ಮೇಲೆ ರೋಹಿಣಿ

ನನ್ನ ತಾಯಿಯ ತವರು ದೇವದುರ್ಗದ ಹತ್ತಿರದ ಹಳ್ಳಿ, ತಂದೆಯ ಊರು ಮಾನ್ವಿ ತಾಲೂಕು. ಓದಿದ್ದು ರಾಯಚೂರಿನಲ್ಲಿ. ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿಯೇ ಬೆಳೆದವನು ನಾನು. ಆದರೆ ಈ ಮೂರೂ ಊರನ್ನು ಒಂದೇ ಚುಕ್ಕಿ ಸಾಲಾಗಿ ಹಾದು ಹೋಗಿದೆ ಅಂತ ತಿಳಿದದ್ದು ಮೊನ್ನೆ ಮೊನ್ನೆ.

ಚಳಿಗಾಲದ ರಜೆಯಲ್ಲಿ ಅಜ್ಜನ ಊರಿಗೆ ಹೋದರೆ ರಾತ್ರಿ ಹೊಲದಲ್ಲಿ ಮಲಗುವ ಅವಕಾಶ ಸಿಗುತ್ತಿತ್ತು. ಹಗಲು ಕರೆಂಟ್ ಇರುತ್ತಿರಲಿಲ್ಲ. ರಾತ್ರಿ ಬಂದಾಗ ಮೋಟರ್ ಚಾಲೂ ಮಾಡಿ ನೀರು ಕಟ್ಟಬೇಕು. ಅಲ್ಲಿಯವರೆಗೆ ಕಣಕಿಯ ಮೇಲೆ ಕಂಬಳಿ ಹಾಸಿ ಮಲಗುವುದು. ಗಡಿಯಾರ ಅಜ್ಜನ ಬಳಿ ಇರಲಿಲ್ಲ. ಚುಕ್ಕಿ ನೋಡಿ ಹೊತ್ತು ಹೇಳುತ್ತಿದ್ದ. ಒಂದು ರಾತ್ರಿ ಬೆರಳು ಮೇಲೆತ್ತಿ ತೋರಿಸಿದ.

"ಅಕಾ ನೋಡು ತಮ್ಮಾ, ಕೆಂಪಂದು. ಅದು ರೋಹಿಣಿ. ಉಳಿದ ಚುಕ್ಕಿ ಎಲ್ಲಾ ಓರೆಯಾಗಿ ಹೋಗ್ತಾವ. ಅದೊಂದ ನಟ್ಟ ನಡು ನೆತ್ತಿಮ್ಯಾಲಿಂದ ಹೋಗ್ತದ. ಅದು ನಮ್ಮೂರ ಚುಕ್ಕಿ."

ಪ್ರತಿ ಅಜ್ಜನೂ ತನ್ನೂರ ಬಗ್ಗೆ ಹೀಗೆಯೇ ಹೇಳುತ್ತಾನೆ ಅಂತ ನಾನು ನಕ್ಕು ಸುಮ್ಮನಾಗಿದ್ದೆ. ಅಜ್ಜ ಹೋದ ಮೇಲೆ, ಒಂದು ವರದಿಗಾಗಿ ಮಳೆ ನಕ್ಷತ್ರಗಳ ಬಗ್ಗೆ ಓದುತ್ತಿದ್ದಾಗ ಆ ಮಾತು ನೆನಪಾಗಿ ಲೆಕ್ಕ ಹಾಕಿ ನೋಡಿದೆ. ಅಜ್ಜ ಹೇಳಿದ್ದು ಸರಿಯಾಗಿತ್ತು.

ಲೆಕ್ಕ ಇಷ್ಟೇ

ಭೂಮಿಯ ಮೇಲೆ ಊರಿಗೆ ಅಕ್ಷಾಂಶ ಇರುವ ಹಾಗೆ ಆಕಾಶದಲ್ಲಿ ಚುಕ್ಕಿಗೂ ಒಂದು ಅಕ್ಷಾಂಶ ಇರುತ್ತದೆ. ಖಗೋಳದವರು ಅದನ್ನು ಕ್ರಾಂತಿ ಅನ್ನುತ್ತಾರೆ. ಊರಿನ ಅಕ್ಷಾಂಶ, ಚುಕ್ಕಿಯ ಕ್ರಾಂತಿ ಎರಡೂ ಒಂದೇ ಆದರೆ ಆ ಚುಕ್ಕಿ ಆ ಊರಿನ ನೆತ್ತಿಯ ಮೇಲಿಂದಲೇ ಹಾಯುತ್ತದೆ. ರೋಹಿಣಿಯ ಕ್ರಾಂತಿ ಈಗ ಸುಮಾರು 16 ಡಿಗ್ರಿ 33 ಮಿನಿಟು. ದೇವದುರ್ಗದ ಅಕ್ಷಾಂಶ ಸುಮಾರು 16 ಡಿಗ್ರಿ 25 ಮಿನಿಟು, ರಾಯಚೂರಿನದು 16 ಡಿಗ್ರಿ 12 ಮಿನಿಟು, ಮಾನ್ವಿಯದು 15 ಡಿಗ್ರಿ 59 ಮಿನಿಟು. ಹುಣ್ಣಿಮೆ ಚಂದ್ರನ ಅಗಲ ಸುಮಾರು 31 ಮಿನಿಟು. ಅಂದರೆ ದೇವದುರ್ಗದಲ್ಲಿ ರೋಹಿಣಿ ನೆತ್ತಿಯಿಂದ ತಪ್ಪುವುದು ಚಂದ್ರನ ಅಗಲದ ಕಾಲು ಭಾಗದಷ್ಟು ಮಾತ್ರ. ಕಂಬಳಿಯ ಮೇಲೆ ಮಲಗಿದವನ ಕಣ್ಣಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಮಾನ್ವಿಯಲ್ಲಿ ಒಂದು ಚಂದ್ರನ ಅಗಲದಷ್ಟು ಉತ್ತರಕ್ಕೆ ಸರಿದು ಹೋಗುತ್ತದೆ. ಮೈಸೂರಿನಲ್ಲಾದರೆ ನಾಲ್ಕು ಡಿಗ್ರಿಯಷ್ಟು, ಅಂದರೆ ಎಂಟು ಚಂದ್ರನ ಅಗಲದಷ್ಟು ದೂರ.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಚುಕ್ಕಿಯ ಕ್ರಾಂತಿ ಶಾಶ್ವತವಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ತಲೆ ತಿರುಗಿಸುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಇದರಿಂದ ರೋಹಿಣಿ 'ನೆತ್ತಿ' ಆಗುವ ಜಾಗ ಪ್ರತಿ ವರ್ಷ ಸುಮಾರು 220 ಮೀಟರ್ ಉತ್ತರಕ್ಕೆ ಸರಿಯುತ್ತದೆ. ಅಂದರೆ ಒಂದು ಸಣ್ಣ ಊರನ್ನು ದಾಟಲು ಹತ್ತು ಹದಿನೈದು ವರ್ಷ. ಕ್ಯಾಲ್ಕುಲೇಟರ್ ಹಿಡಿದು ಹಿಂದಕ್ಕೆ ಎಣಿಸುತ್ತಾ ಹೋದೆ.

ಸುಮಾರು 1750ರಲ್ಲಿ ರೋಹಿಣಿ ಮಾನ್ವಿಯ ನೆತ್ತಿಯ ಮೇಲಿತ್ತು. ಸುಮಾರು 1850ರಲ್ಲಿ ರಾಯಚೂರಿನ ನೆತ್ತಿಗೆ ಬಂತು. ಸುಮಾರು 1953ರಲ್ಲಿ ದೇವದುರ್ಗಕ್ಕೆ ಬಂತು. ಈಗ ಅದನ್ನೂ ದಾಟಿ ಕೃಷ್ಣೆಯ ದಿಕ್ಕಿಗೆ ಹೊರಟಿದೆ.

1750ರಲ್ಲಿ ಮಾನ್ವಿಯ ಜಗನ್ನಾಥದಾಸರು (1728–1809) ಇಪ್ಪತ್ತೆರಡರ ಯುವಕ. ಹೈದರಾಬಾದಿನ ಮೊದಲ ನಿಜಾಮ ತೀರಿಕೊಂಡು ಎರಡು ವರ್ಷವಾಗಿತ್ತು. ರೋಹಿಣಿ ರಾಯಚೂರಿಗೆ ಬರುವ ಹೊತ್ತಿಗೆ ನಿಜಾಮ ಇಂಗ್ಲಿಷರಿಗೆ ಸಾಲಗಾರನಾಗಿದ್ದ. 1853ರ ಒಪ್ಪಂದದಲ್ಲಿ ರಾಯಚೂರು ದೋಆಬ್ ಕಂಪನಿಯ ಕೈಗೆ ಹೋಯಿತು, 1860ರಲ್ಲಿ ಮರಳಿ ಬಂತು. ಚುಕ್ಕಿ ದೇವದುರ್ಗಕ್ಕೆ ಬಂದಾಗ ನಿಜಾಮನ ಆಳ್ವಿಕೆ ಮುಗಿದಿತ್ತು. 1948ರ ಸೆಪ್ಟೆಂಬರ್ 17 ಕಳೆದಿತ್ತು, 1956ರ ನವೆಂಬರ್ 1 ಇನ್ನೂ ಬಂದಿರಲಿಲ್ಲ. ನನ್ನ ಅಜ್ಜ ಆಗ ಹುಡುಗ. ಅವನು ಚುಕ್ಕಿ ಕಲಿತದ್ದು ಅದು ನಿಜಕ್ಕೂ ಅವನ ನೆತ್ತಿಯ ಮೇಲಿದ್ದ ಕಾಲದಲ್ಲಿ.

ಮಳೆಯ ಹೆಸರು, ಬಣ್ಣದ ಹೆಸರು

ನಮ್ಮ ಭಾಗದ ರೈತರಿಗೆ ರೋಹಿಣಿ ಅಂದರೆ ಮೊದಲು ನೆನಪಾಗುವುದು ಮಳೆ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅನ್ನುವ ಗಾದೆ ಗೊತ್ತಿಲ್ಲದ ಮನೆ ಇಲ್ಲ. ಮೇ 25ರ ಸುಮಾರಿನಿಂದ ಜೂನ್ 7ರ ಸುಮಾರಿನವರೆಗೆ ರೋಹಿಣಿ ಮಳೆ. ಸೂರ್ಯ ಆಗ ರೋಹಿಣಿ ನಕ್ಷತ್ರದ ಭಾಗದಲ್ಲಿರುತ್ತಾನೆ. ಸೂರ್ಯನ ಬೆಳಕಿನಲ್ಲಿ ಮುಳುಗಿರುವುದರಿಂದ ಆ ದಿನಗಳಲ್ಲಿ ರೋಹಿಣಿ ಚುಕ್ಕಿ ಕಣ್ಣಿಗೆ ಬೀಳುವುದೇ ಇಲ್ಲ. ಕಾಣದೆ ಇರುವಾಗ ಅದರ ಹೆಸರಲ್ಲಿ ಬಿತ್ತುತ್ತೇವೆ. ಕಾಣುವಾಗ, ಅಂದರೆ ಚಳಿಗಾಲದಲ್ಲಿ, ಹಿಂಗಾರಿ ಜೋಳ ಕಾಯುತ್ತೇವೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅದೇ ಬುಗುರಿ ತಿರುಗಾಟದಿಂದ ಮಳೆ ನಕ್ಷತ್ರಗಳ ಲೆಕ್ಕ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಜಾರುತ್ತದೆ. ಮುಂಗಾರು ಮಾತ್ರ ಋತುವಿಗೆ ಅಂಟಿಕೊಂಡಿದೆ, ಚುಕ್ಕಿಗೆ ಅಲ್ಲ. ಜಗನ್ನಾಥದಾಸರ ಕಾಲದ ರೋಹಿಣಿ ಮಳೆ ಇಂದಿನದಕ್ಕಿಂತ ಸುಮಾರು ನಾಲ್ಕು ದಿನ ಮೊದಲೇ ಶುರುವಾಗುತ್ತಿತ್ತು. ಸಾವಿರದೈನೂರು ವರ್ಷದ ಹಿಂದೆ ಸುಮಾರು ಮೂರು ವಾರ ಮೊದಲು. ಗಾದೆ ಸುಳ್ಳು ಅಂತ ಅಲ್ಲ, ಗಾದೆಯೂ ಒಂದು ಕಾಲದ ದಾಖಲೆ ಅಂತ.

ರೋಹಿಣಿ ಎಂಬ ಹೆಸರಿನ ಅರ್ಥವೇ ಕೆಂಪಗಿರುವವಳು. ಕೃತ್ತಿಕೆಯ ಗೊಂಚಲಿನ ಪಕ್ಕದಲ್ಲಿ ಬಂಡಿಯ ಮೂಕಿಯ ಹಾಗೆ ಇಂಗ್ಲಿಷಿನ ವಿ ಆಕಾರದಲ್ಲಿ ಚುಕ್ಕಿಗಳಿವೆ. ಹಳೆಯ ಸಿದ್ಧಾಂತ ಗ್ರಂಥಗಳು ಇದನ್ನು ರೋಹಿಣಿ ಶಕಟ, ಅಂದರೆ ರೋಹಿಣಿಯ ಬಂಡಿ ಅನ್ನುತ್ತವೆ. ಬಂಡಿಯ ಒಂದು ತುದಿಯಲ್ಲಿ ಕೆಂಪಗೆ ಹೊಳೆಯುವುದೇ ರೋಹಿಣಿ. ಸೂರ್ಯಸಿದ್ಧಾಂತ ಈ ಚುಕ್ಕಿಯ ಜಾಗವನ್ನು ಡಿಗ್ರಿಯಲ್ಲಿ ಕೊಟ್ಟಿದೆ. ಯಾವ ಗ್ರಹ ಎಲ್ಲಿ ಹಾದರೆ ಬಂಡಿಯನ್ನು ಒಡೆದು ಹೋಗುತ್ತದೆ ಅಂತಲೂ ಹೇಳಿದೆ.

ಚಂದ್ರನಿಗೆ 27 ಹೆಂಡಿರು, ಅವರಲ್ಲಿ ರೋಹಿಣಿಯ ಮೇಲೆ ಹೆಚ್ಚು ಪ್ರೀತಿ ಅನ್ನುವ ಪುರಾಣ ನಮಗೆಲ್ಲ ಗೊತ್ತು. ಆಕಾಶದಲ್ಲಿಯೂ ಚಂದ್ರ ರೋಹಿಣಿಯನ್ನು ಆಗಾಗ ಮರೆಮಾಡುತ್ತಾನೆ. ಸುಮಾರು 18.6 ವರ್ಷಕ್ಕೊಮ್ಮೆ, ಕೆಲವು ವರ್ಷ ಎಡೆಬಿಡದೆ ಪ್ರತಿ ತಿಂಗಳು. ಇತ್ತೀಚಿನ ಸರಣಿ 2015ರಿಂದ 2018ರವರೆಗೆ ನಡೆಯಿತು.

ಚುಕ್ಕಿ ಚಲಿಸುತ್ತದೆ, ಚುಕ್ಕಿಯಲ್ಲಿ ಕಬ್ಬಿಣವಿದೆ

ಇದೇ ಮರೆಯಾಟ ಒಂದು ದೊಡ್ಡ ಸಂಗತಿಯನ್ನು ಹೊರಗೆ ತಂದಿತು. ಕ್ರಿ.ಶ. 509ರ ಮಾರ್ಚಿನಲ್ಲಿ ಚಂದ್ರ ರೋಹಿಣಿಯನ್ನು ಮರೆಮಾಡಿದ್ದನ್ನು ಅಥೆನ್ಸಿನಲ್ಲಿ ಯಾರೋ ಬರೆದಿಟ್ಟಿದ್ದರು. 1718ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಹಳೆಯ ದಾಖಲೆಗಳನ್ನು ತನ್ನ ಕಾಲದ ಅಳತೆಯ ಜೊತೆ ಹೋಲಿಸಿ ನೋಡಿದ. ರೋಹಿಣಿ, ಸ್ವಾತಿ, ಲುಬ್ಧಕ ಈ ಮೂರೂ ಹಳೆಯ ಜಾಗದಲ್ಲಿರಲಿಲ್ಲ. ಅಕ್ಷದ ತಿರುಗಾಟವನ್ನು ಕಳೆದ ಮೇಲೂ ವ್ಯತ್ಯಾಸ ಉಳಿಯಿತು. 'ಸ್ಥಿರ ನಕ್ಷತ್ರ' ಅನ್ನುವ ಮಾತು ಅಂದಿಗೆ ಮುಗಿಯಿತು. ಯಾರೋ ಹನ್ನೆರಡು ಶತಮಾನದ ಹಿಂದೆ ಬರೆದಿಟ್ಟ ಒಂದು ದಿನಚರಿ ಇಲ್ಲದಿದ್ದರೆ ರೋಹಿಣಿಯ ವಿಷಯದಲ್ಲಿ ಆ ಲೆಕ್ಕಕ್ಕೆ ಆಧಾರವೇ ದುರ್ಬಲವಾಗುತ್ತಿತ್ತು.

1864ರಲ್ಲಿ ವಿಲಿಯಂ ಹಗಿನ್ಸ್ ಮತ್ತು ವಿಲಿಯಂ ಮಿಲ್ಲರ್ ಲಂಡನ್ನಿನಲ್ಲಿ ರೋಹಿಣಿಯ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣ ಬಿಡಿಸಿದರು. ಬಣ್ಣಗಳ ನಡುವೆ ಕಪ್ಪು ಗೆರೆಗಳಿದ್ದವು. ಕಬ್ಬಿಣ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇವುಗಳ ಗುರುತು ಅಲ್ಲಿ ಸಿಕ್ಕಿತು. ನಮ್ಮ ಹೊಲದ ಮಣ್ಣಿನಲ್ಲಿರುವುದೇ ಚುಕ್ಕಿಯಲ್ಲೂ ಇದೆ ಅಂತ ಖಾತ್ರಿಯಾಯಿತು.

ನಾಲ್ಕು ವರ್ಷದ ನಂತರ ಅದೇ ವಿದ್ಯೆ ನಮ್ಮ ಕಡೆಗೆ ಬಂತು. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣದ ಪಟ್ಟಿ ಜಮಖಂಡಿಯಿಂದ ಗುಂಟೂರಿನತ್ತ, ರಾಯಚೂರು ಸೀಮೆಯ ಮೇಲಿಂದಲೇ ಹಾದಿತ್ತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ರೋಹಿತದರ್ಶಕ ಹಿಡಿದು ಕಾದಿದ್ದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಸಿಕ್ಕ ಒಂದು ಹಳದಿ ಗೆರೆಗೆ ಭೂಮಿಯ ಯಾವ ವಸ್ತುವೂ ಹೊಂದಲಿಲ್ಲ. ಅದಕ್ಕೆ ಹೀಲಿಯಂ ಅಂತ ಹೆಸರಿಟ್ಟರು. ರೋಹಿಣಿ ಯಾಕೆ ಕೆಂಪು ಅನ್ನುವ ಪ್ರಶ್ನೆಗೆ ಉತ್ತರ ಇರುವುದು ಈ ಹೀಲಿಯಂನಲ್ಲೇ.

ಮುದಿಯಾದ ಸೂರ್ಯ

ನಕ್ಷತ್ರ ಅಂದರೆ ತನ್ನ ತೂಕದಿಂದ ತಾನೇ ಒಳಕ್ಕೆ ಕುಸಿಯಲು ನೋಡುವ ಅನಿಲದ ಉಂಡೆ. ನಡುವಿನಲ್ಲಿ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವಾಗ ಹೊರಡುವ ಶಾಖ ಆ ಕುಸಿತವನ್ನು ತಡೆಯುತ್ತದೆ. ನಮ್ಮ ಸೂರ್ಯನಲ್ಲಿ ಈಗ ನಡೆಯುತ್ತಿರುವುದು ಇದು. ರೋಹಿಣಿಯ ನಡುವಿನ ಹೈಡ್ರೋಜನ್ ತೀರಿಹೋಗಿದೆ. ಒಲೆಯ ನಡುವೆ ಬೂದಿ ಉಳಿದು ಸುತ್ತಲಿನ ಕಟ್ಟಿಗೆ ಉರಿಯುವ ಹಾಗೆ, ಹೀಲಿಯಂ ಗಡ್ಡೆಯ ಸುತ್ತಲಿನ ಪದರದಲ್ಲಿ ಹೈಡ್ರೋಜನ್ ಇನ್ನೂ ಜೋರಾಗಿ ಉರಿಯುತ್ತದೆ. ಒಳಗಿನ ಗಡ್ಡೆ ಕುಗ್ಗುತ್ತದೆ, ಹೊರಗಿನ ಮೈ ಉಬ್ಬುತ್ತದೆ. ಉಬ್ಬಿದ ಮೈಯ ಮೇಲ್ಮೈ ತಣ್ಣಗಾಗುತ್ತದೆ. ಕುಲುಮೆಯಲ್ಲಿ ಕಾದ ಕಬ್ಬಿಣ ಬಿಳಿಯಿಂದ ಹಳದಿಗೆ, ಕಿತ್ತಳೆಗೆ, ಕೆಂಪಿಗೆ ಇಳಿಯುವುದನ್ನು ಕಮ್ಮಾರನ ಮನೆಯಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಚುಕ್ಕಿಯನ್ನು ಕಿತ್ತಳೆ ದೈತ್ಯ ಅನ್ನುತ್ತಾರೆ.

ಅಂಕಿಗಳನ್ನು ನೋಡೋಣ. ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರ. ತೂಕ ಸೂರ್ಯನಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಗಲ ಮಾತ್ರ ಸೂರ್ಯನ ಸುಮಾರು 45 ಪಟ್ಟು. ಸೂರ್ಯನ ಜಾಗದಲ್ಲಿ ರೋಹಿಣಿಯನ್ನು ಇಟ್ಟರೆ ಬುಧನ ದಾರಿಯ ಅರ್ಧಕ್ಕಿಂತ ಆಚೆಗೆ ಅದರ ಮೈ ಚಾಚುತ್ತದೆ. ಮೇಲ್ಮೈಯ ಉಷ್ಣತೆ ಸುಮಾರು 3,900 ಕೆಲ್ವಿನ್. ಸೂರ್ಯನದು ಸುಮಾರು 5,770.

ತಣ್ಣಗಾದ ಚುಕ್ಕಿ ಮಂಕಾಗಬೇಕಲ್ಲ ಅನ್ನಿಸಬಹುದು. ಒಂದು ಚದರ ಅಡಿ ತೆಗೆದುಕೊಂಡರೆ ಮಂಕೇ. ಬೆಳಕು ಉಷ್ಣತೆಯ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುವುದರಿಂದ, ರೋಹಿಣಿಯ ಒಂದು ಚದರ ಅಡಿ ಸೂರ್ಯನ ಒಂದು ಚದರ ಅಡಿಯ ಐದನೇ ಒಂದು ಭಾಗದಷ್ಟು ಮಾತ್ರ ಬೆಳಗುತ್ತದೆ. ಆದರೆ ಮೈಯ ಹರವು 45 ಗುಣಿಸು 45, ಅಂದರೆ 2,025 ಪಟ್ಟು. ಎರಡನ್ನೂ ಗುಣಿಸಿದರೆ ಸೂರ್ಯನ 400 ಪಟ್ಟಿಗೂ ಹೆಚ್ಚು ಬೆಳಕು. ಒಂದು ಎಕರೆಯ ಇಳುವರಿ ಕಡಿಮೆ, ಹೊಲ ಮಾತ್ರ ಸಾವಿರಾರು ಎಕರೆ.

ಅಷ್ಟು ದೊಡ್ಡ ಮೈಯಲ್ಲಿ ಅಷ್ಟೇ ತೂಕ ಹರಡಿರುವುದರಿಂದ ರೋಹಿಣಿಯ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಗಿಂತ ಹತ್ತಾರು ಪಟ್ಟು ಕಡಿಮೆ. ಇಷ್ಟು ದೊಡ್ಡದಾದರೂ ದೂರದಿಂದಾಗಿ ನಮಗೆ ಚುಕ್ಕಿಯಾಗಿಯೇ ಕಾಣುತ್ತದೆ. ಒಂದು ಜೋಳದ ರೊಟ್ಟಿಯನ್ನು 2,500 ಕಿಲೋಮೀಟರ್ ದೂರದಲ್ಲಿ ಹಿಡಿದರೆ ಎಷ್ಟು ಕಾಣುತ್ತದೋ ಅಷ್ಟು ಅದರ ಅಗಲ. ಅದನ್ನೂ ಅಳೆದಿದ್ದಾರೆ. 1920ರ ದಶಕದಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನಲ್ಲಿ 20 ಅಡಿಯ ತೊಲೆಯ ಮೇಲೆ ಕನ್ನಡಿ ಕೂರಿಸಿ ರೋಹಿಣಿ, ಸ್ವಾತಿ ಮುಂತಾದ ದೈತ್ಯಗಳ ಅಗಲ ಅಳೆದರು. ಇನ್ನೊಂದು ದಾರಿ ಚಂದ್ರನದೇ. ಚಂದ್ರ ಮರೆಮಾಡುವಾಗ ರೋಹಿಣಿ ಥಟ್ಟನೆ ಆರುವುದಿಲ್ಲ, ಸೆಕೆಂಡಿನ ಸುಮಾರು ಇಪ್ಪತ್ತೈದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತೇ ಅದರ ಅಗಲ ಹೇಳುತ್ತದೆ.

ಸ್ವಾತಿಯೂ ಇದೇ ಜಾತಿ. ಸುಮಾರು 37 ಜ್ಯೋತಿರ್ವರ್ಷ ದೂರ, ಅಗಲ ಸೂರ್ಯನ 25 ಪಟ್ಟು, ಬೆಳಕು ಸುಮಾರು 170 ಪಟ್ಟು. ನಮ್ಮ ಸೂರ್ಯನಿಗಿಂತ ಹಿರಿಯ. ಸುಮಾರು 500 ಕೋಟಿ ವರ್ಷದ ನಂತರ ಸೂರ್ಯನೂ ಇದೇ ದಾರಿ ಹಿಡಿಯುತ್ತಾನೆ. ಅಜ್ಜನಿಗೆ ಇದನ್ನು ಹೇಳಬೇಕಿತ್ತು. ಅವನು ರಾತ್ರಿ ನೋಡುತ್ತಿದ್ದದ್ದು ಮುದಿಯಾದ ಸೂರ್ಯನನ್ನು.

ನಿಜಾಮನ ದೂರದರ್ಶಕ

ಈಗ ನಮ್ಮ ಚರಿತ್ರೆಯ ಒಂದು ಮರೆತ ಪುಟಕ್ಕೆ ಬರೋಣ. ರಾಯಚೂರಿನ ಚರಿತ್ರೆ ಅಂದರೆ ಕೋಟೆ, 1520ರ ಯುದ್ಧ, ಮಸ್ಕಿಯ ಅಶೋಕನ ಶಾಸನ, ನಿಜಾಮ, ರಜಾಕಾರರು. ಇದೇ ಸಂಸ್ಥಾನದಲ್ಲಿ ಜಗತ್ತಿನ ಆಕಾಶ ನಕ್ಷೆಯ ಒಂದು ಭಾಗ ತಯಾರಾಯಿತು ಅಂತ ನಮ್ಮ ಯಾವ ಪಾಠದಲ್ಲೂ ನಾನು ಓದಲಿಲ್ಲ.

1901ರಲ್ಲಿ ಹೈದರಾಬಾದಿನ ನವಾಬ ಜಫರ್ ಜಂಗ್ ಇಂಗ್ಲೆಂಡಿನಿಂದ 15 ಇಂಚಿನ ದೂರದರ್ಶಕ ತರಿಸಿ ವೀಕ್ಷಣಾಲಯ ಕಟ್ಟಿದ. ನಿಜಾಮನ ಹೆಸರಿನಲ್ಲಿ ಅದು ನಿಜಾಮಿಯಾ ವೀಕ್ಷಣಾಲಯವಾಯಿತು. 1908ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, ಬೇಗಂಪೇಟೆಯಲ್ಲಿ ನೆಲೆಯಾಯಿತು. 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ಸರ್ಕಾರದ ಹಣ ಅಂದರೆ ಸಂಸ್ಥಾನದ ರೈತರ ಕಂದಾಯ. ಆ ಸಂಸ್ಥಾನದಲ್ಲಿ ರಾಯಚೂರು, ಮಾನ್ವಿ, ದೇವದುರ್ಗವೂ ಇದ್ದವು.

1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ್ದ ಸಭೆಯೊಂದು ಇಡೀ ಆಕಾಶದ ಫೋಟೋ ತೆಗೆದು ನಕ್ಷತ್ರಗಳ ಪಟ್ಟಿ ಮಾಡಲು ತೀರ್ಮಾನಿಸಿತ್ತು. ಬೇರೆ ಬೇರೆ ದೇಶದ ವೀಕ್ಷಣಾಲಯಗಳು ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡವು. ದಕ್ಷಿಣದ 17ರಿಂದ 23 ಡಿಗ್ರಿಯ ಪಟ್ಟಿ ಮೊದಲು ಚಿಲಿ ದೇಶದ ಸ್ಯಾಂಟಿಯಾಗೋ ಪಾಲಿಗಿತ್ತು. ಅಲ್ಲಿ ಕೆಲಸ ಸಾಗದೆ ಅದು ಹೈದರಾಬಾದಿಗೆ ಬಂತು. 8 ಇಂಚಿನ ದೂರದರ್ಶಕದಲ್ಲಿ ಗಾಜಿನ ಫಲಕಗಳ ಮೇಲೆ ರಾತ್ರಿ ರಾತ್ರಿ ಆಕಾಶ ಇಳಿಸಿದರು. ಹಗಲು ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಚುಕ್ಕಿಯ ಜಾಗ ಅಳೆದು ಬರೆದರು. ಚಾಟ್‌ವುಡ್, ಪೋಕಾಕ್, ಆ ಮೇಲೆ 1918ರಿಂದ 1944ರವರೆಗೆ ಟಿ.ಪಿ. ಭಾಸ್ಕರನ್ ನಿರ್ದೇಶಕರಾಗಿದ್ದರು. ಉತ್ತರದ 36ರಿಂದ 39 ಡಿಗ್ರಿಯ ಇನ್ನೊಂದು ಪಟ್ಟಿಯ ಕೆಲಸವನ್ನೂ ಮಾಡಿದರು. ಸುಮಾರು 8 ಲಕ್ಷ ನಕ್ಷತ್ರಗಳು, 12 ಸಂಪುಟ.

ರೋಹಿಣಿ ಈ ಪಟ್ಟಿಗಳಲ್ಲಿ ಬರುವುದಿಲ್ಲ. ಆದರೆ ಅದರ ಜಾತಿಯ ಡಿಫ್ಡಾ ಎಂಬ ಕಿತ್ತಳೆ ದೈತ್ಯ, ತಿಮಿಂಗಿಲ ಪುಂಜದ್ದು, ಹೈದರಾಬಾದಿನ ಪಾಲಿನ ಆಕಾಶದಲ್ಲೇ ಇದೆ. ಸಂಪುಟಗಳು ಇಂಗ್ಲಿಷಿನಲ್ಲಿ, ವಿಶ್ವವಿದ್ಯಾಲಯದ ಪಾಠ ಉರ್ದುವಿನಲ್ಲಿ. ಕನ್ನಡದ ಚುಕ್ಕಿ ಜ್ಞಾನ ಹೊಲದಲ್ಲೇ ಉಳಿಯಿತು. ಒಂದೇ ಸಂಸ್ಥಾನದಲ್ಲಿ, ಒಂದೇ ಆಕಾಶದ ಕೆಳಗೆ, ಇವೆರಡೂ ಒಂದನ್ನೊಂದು ಭೇಟಿಯಾಗಲಿಲ್ಲ.

ಬಂಡಿಯೇ ಅಳತೆಗೋಲು

ಬೇಗಂಪೇಟೆಯ ಆ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಕಣ್ಣೂರು ಮೂಲದ ಒಬ್ಬರ ಮಗ ದೂರದರ್ಶಕದ ನೆರಳಿನಲ್ಲೇ ಬೆಳೆದ. 1927ರಲ್ಲಿ ಹುಟ್ಟಿದ ಆ ಹುಡುಗ ಎಂ.ಕೆ. ವೈನು ಬಾಪು. ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಓದಿ, ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ 1949ರಲ್ಲಿ ಅಮೆರಿಕದ ಹಾರ್ವರ್ಡಿಗೆ ಹೋದ. ಅದೇ ವರ್ಷ ಒಂದು ಧೂಮಕೇತು ಕಂಡುಹಿಡಿದ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓಲಿನ್ ವಿಲ್ಸನ್ ಜೊತೆ ಕೆಲಸ ಮಾಡಿದ. ಅವರ ಮುಂದಿದ್ದದ್ದು ರೋಹಿಣಿಯಂಥ ತಣ್ಣಗಿನ ಚುಕ್ಕಿಗಳ ಬೆಳಕು.

ಚುಕ್ಕಿ ಎಷ್ಟು ಹೊಳೆಯುವಂತೆ ಕಾಣುತ್ತದೆ ಅನ್ನುವುದು ಸುಲಭ. ನಿಜಕ್ಕೂ ಎಷ್ಟು ಹೊಳೆಯುತ್ತದೆ ಅನ್ನುವುದು ಕಷ್ಟ. ಹತ್ತಿರದ ಲಾಟೀನೂ ದೂರದ ಲಾರಿ ದೀಪವೂ ಕತ್ತಲಲ್ಲಿ ಒಂದೇ ಥರ ಕಾಣುತ್ತವೆ. ವಿಲ್ಸನ್ ಮತ್ತು ಬಾಪು ಕಂಡದ್ದು ಇದು: ತಣ್ಣಗಿನ ಚುಕ್ಕಿಗಳ ನೇರಳೆ ಬೆಳಕಿನಲ್ಲಿ ಕ್ಯಾಲ್ಸಿಯಂನ ಒಂದು ದಪ್ಪ ಕಪ್ಪು ಗೆರೆ ಇರುತ್ತದೆ, ಅದರ ನಡುವೆ ಒಂದು ಸಣ್ಣ ಬೆಳಕಿನ ಗೆರೆ. ಆ ಬೆಳಕಿನ ಗೆರೆ ಅಗಲವಿದ್ದಷ್ಟೂ ಚುಕ್ಕಿಯ ನಿಜವಾದ ಪ್ರಕಾಶ ಹೆಚ್ಚು. ದೈತ್ಯಗಳಲ್ಲಿ ಅಗಲ, ಕುಳ್ಳ ಚುಕ್ಕಿಗಳಲ್ಲಿ ಕಿರಿದು. ಗೆರೆ ಅಳೆದರೆ ನಿಜ ಪ್ರಕಾಶ ಸಿಕ್ಕಿತು, ಅದನ್ನು ಕಾಣುವ ಪ್ರಕಾಶದ ಜೊತೆ ಹೋಲಿಸಿದರೆ ದೂರ ಸಿಕ್ಕಿತು. 185 ಚುಕ್ಕಿಗಳ ಈ ಅಧ್ಯಯನ 1957ರಲ್ಲಿ ಪ್ರಕಟವಾಯಿತು. ವಿಲ್ಸನ್–ಬಾಪು ಪರಿಣಾಮ ಅಂತ ಇಂದಿಗೂ ಅದರ ಹೆಸರು.

ಇಂಥ ಅಳತೆಗೋಲಿಗೆ ಮೊದಲು ಗೊತ್ತಿರುವ ಒಂದೆರಡು ಗುರುತು ಬೇಕು. ಒಂದು ಗುರುತು ನಮ್ಮ ಸೂರ್ಯ. ಇನ್ನೊಂದು, ರೋಹಿಣಿಯ ಬಂಡಿಯ ನಾಲ್ಕು ಕಿತ್ತಳೆ ದೈತ್ಯಗಳು. ಬಂಡಿಯ ಚುಕ್ಕಿಗಳು ಸುಮಾರು 150 ಜ್ಯೋತಿರ್ವರ್ಷ ದೂರದ ಒಂದೇ ಗುಂಪಿನವು, ಒಟ್ಟಿಗೆ ಹುಟ್ಟಿದವು, ಒಟ್ಟಿಗೆ ಸಾಗುವವು. ಅದರಿಂದ ಅವುಗಳ ದೂರ ಮೊದಲೇ ಲೆಕ್ಕಕ್ಕೆ ಸಿಕ್ಕಿತ್ತು. ರೋಹಿಣಿ ಮಾತ್ರ ಆ ಗುಂಪಿನದಲ್ಲ. ಅರ್ಧಕ್ಕಿಂತ ಹತ್ತಿರದಲ್ಲಿ, ದಾರಿಯ ನಡುವೆ ನಿಂತು ಬಂಡಿಯಲ್ಲಿ ಕುಳಿತಂತೆ ಕಾಣುತ್ತದೆ. ಗ್ರಹ ಒಡೆದು ಹೋಗುತ್ತದೋ ಇಲ್ಲವೋ ಅಂತ ನಮ್ಮ ಹಿಂದಿನವರು ಕಾದು ನೋಡಿದ ಬಂಡಿಯೇ ದೈತ್ಯಗಳ ಬೆಳಕು ಅಳೆಯುವ ಕೋಲಾಯಿತು.

ಬಾಪು ಈ ಕೆಲಸದಲ್ಲಿದ್ದ ವರ್ಷಗಳೂ ರೋಹಿಣಿ ದೇವದುರ್ಗದ ನೆತ್ತಿಯ ಮೇಲಿದ್ದ ವರ್ಷಗಳೂ ಹೆಚ್ಚು ಕಡಿಮೆ ಒಂದೇ. ಇದು ಕಾಕತಾಳೀಯ, ಬೇರೇನಲ್ಲ. ಆದರೂ ಹೇಳದೆ ಇರಲಾಗಲಿಲ್ಲ.

1980: ಆ ತಂಡ ನಮ್ಮ ಜಿಲ್ಲೆಗೆ ಬಂದದ್ದು

ಬಾಪು ಭಾರತಕ್ಕೆ ಮರಳಿ 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದೇ ಮುಂದೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಆಯಿತು. 1980ರ ಫೆಬ್ರುವರಿ 16ರ ಸಂಪೂರ್ಣ ಸೂರ್ಯಗ್ರಹಣದ ಪಟ್ಟಿ ಅಂಕೋಲಾ ಕಡೆಯಿಂದ ಹುಬ್ಬಳ್ಳಿ, ರಾಯಚೂರು ದಾಟಿ ಆಂಧ್ರದತ್ತ ಹೋಯಿತು. ಅವರ ಸಂಸ್ಥೆಯ ತಂಡ ಬಿಡಾರ ಹೂಡಿದ ಜಾಗಗಳಲ್ಲಿ ಒಂದು ರಾಯಚೂರು ಜಿಲ್ಲೆ ಸಿಂಧನೂರು ತಾಲೂಕಿನ ಜವಳಗೇರಾ. ಮಾನ್ವಿಯಿಂದ ದೂರವೇನಲ್ಲ.

ನಮ್ಮ ಮನೆಯಲ್ಲಿ ಆ ಗ್ರಹಣದ ನೆನಪು ಬೇರೆ. ಬಾಗಿಲು ಹಾಕಿ, ನೀರಿನ ಕೊಡಕ್ಕೆ ಗರಿಕೆ ಹಾಕಿ, ಮಕ್ಕಳನ್ನು ಒಳಗೆ ಕೂರಿಸಿದ್ದರಂತೆ. ದನಗಳು ತಾವಾಗಿಯೇ ಹಟ್ಟಿಗೆ ಬಂದವಂತೆ. ಕೆಲವೇ ಮೈಲಿ ದೂರದಲ್ಲಿ ಜಗತ್ತಿನ ಉಪಕರಣಗಳು ಸೂರ್ಯನ ಕಡೆ ಮುಖ ಮಾಡಿದ್ದವು ಅಂತ ಯಾರೂ ಬಂದು ಹೇಳಲಿಲ್ಲ. ಹೆದರಿದವರನ್ನು ಬೈಯುವುದು ಸುಲಭ. ಹೇಳುವ ಕೆಲಸ ಯಾರದ್ದಾಗಿತ್ತು ಅಂತ ಕೇಳುವುದು ಕಷ್ಟ. ಪತ್ರಿಕೋದ್ಯಮ ಓದಿದ ನಮಗೆ ಆ ಪ್ರಶ್ನೆ ತಟ್ಟಬೇಕು.

ಬರೆದಿಟ್ಟದ್ದು ಉಳಿಯಿತು

ಹೈದರಾಬಾದಿನ ಆ ಸಂಪುಟಗಳು ದಶಕಗಟ್ಟಲೆ ಧೂಳು ತಿಂದವು. ಗಾಜಿನ ಮೇಲೆ ಕೈಯಿಂದ ಅಳೆದ ಅಂಕಿಗಳು ಯಾರಿಗೆ ಬೇಕು ಅಂತ ಎಷ್ಟೋ ಜನ ಅಂದುಕೊಂಡಿದ್ದರು. 1989ರಲ್ಲಿ ಯುರೋಪಿನವರು ಹಿಪ್ಪಾರ್ಕಸ್ ಉಪಗ್ರಹ ಹಾರಿಸಿ ಚುಕ್ಕಿಗಳ ಜಾಗ ಹೊಸದಾಗಿ ಅಳೆದರು. ಆದರೆ ಚುಕ್ಕಿ ಎಷ್ಟು ಸರಿದಿದೆ ಅಂತ ತಿಳಿಯಬೇಕಾದರೆ ಹಳೆಯ ಜಾಗವೂ ಗೊತ್ತಿರಬೇಕು. ಆಗ ಜಗತ್ತಿನ ಎಲ್ಲ ವೀಕ್ಷಣಾಲಯಗಳ ಹಳೆಯ ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸಿದರು, ಹೈದರಾಬಾದಿನದೂ ಸೇರಿ. 2000ದಲ್ಲಿ ಹೊರಬಂದ ಟೈಕೋ-2 ಎಂಬ ಪಟ್ಟಿಯಲ್ಲಿ ಸುಮಾರು 25 ಲಕ್ಷ ಚುಕ್ಕಿಗಳ ಚಲನೆ ಇದೆ. ಅದಕ್ಕೆ ಹಳೆಯ ಆಧಾರ ಆ ಗಾಜಿನ ಫಲಕಗಳೇ. ಅಥೆನ್ಸಿನ ದಿನಚರಿ ಹ್ಯಾಲಿಗೆ ಒದಗಿದ ಹಾಗೆ ಬೇಗಂಪೇಟೆಯ ಅಳತೆ ಉಪಗ್ರಹಕ್ಕೆ ಒದಗಿತು.

ನನ್ನ ಅಜ್ಜನ ಚುಕ್ಕಿ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ನಾನೂ ಬರೆದಿಡಲಿಲ್ಲ. ಯಾವ ಚುಕ್ಕಿ ಮೂಡಿದರೆ ಮೋಟರ್ ಹಾಕಬೇಕು, ಯಾವುದು ಮುಳುಗಿದರೆ ಬಂಡಿ ಹೂಡಬೇಕು ಅಂತ ಅವನಿಗೆ ಗೊತ್ತಿತ್ತು. ನನಗೆ ನೆನಪಿರುವುದು ಒಂದೇ ಮಾತು. ಆ ಒಂದು ಮಾತನ್ನು ಪರೀಕ್ಷಿಸಿದಾಗ ಇಷ್ಟು ಸಿಕ್ಕಿತು. ಉಳಿದ ಮಾತುಗಳಲ್ಲಿ ಏನಿತ್ತೋ. ರಾಯಚೂರು ಅಂದರೆ ಬರ, ಗುಳೆ, ಹಿಂದುಳಿದ ಜಿಲ್ಲೆ ಅಂತ ನಾವೇ ವರದಿ ಬರೆದೂ ಬರೆದೂ ಸವೆಸಿದ್ದೇವೆ. ಅದು ಸುಳ್ಳಲ್ಲ, ಬರೆಯಲೇಬೇಕು. ಆದರೆ ಕಾಲುವೆಯ ಕೊನೆ ಭಾಗದಲ್ಲಿ ರಾತ್ರಿಯಿಡೀ ನೀರಿಗೆ ಕಾಯುವ ರೈತನಿಗೆ ಏನು ಸಿಗಲಿಲ್ಲ ಅಂತ ಕೇಳುವ ನಾವು, ಅವನಿಗೆ ಏನು ಗೊತ್ತು ಅಂತಲೂ ಒಮ್ಮೆ ಕೇಳಬಹುದು. ಆ ತಲೆಮಾರು ಇನ್ನು ಹೆಚ್ಚು ವರ್ಷ ಇರುವುದಿಲ್ಲ.

ನಿಮ್ಮ ಮನೆಯಲ್ಲಿ ಅಂಥ ಅಜ್ಜ, ಅವ್ವ ಇದ್ದರೆ ಒಂದು ಕೆಲಸ ಮಾಡಿ. ಎಳ್ಳ ಅಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ರಾತ್ರಿಯವರೆಗೆ ಅಲ್ಲೇ ಇರಿ, ಚಂದ್ರನೂ ಇರುವುದಿಲ್ಲ. ಆಗದಿದ್ದರೆ ಸಂಕ್ರಾಂತಿಯ ರಾತ್ರಿ ಒಂಬತ್ತೂ ಕಾಲು ದಾಟಿದ ಹೊತ್ತಿಗೆ ಅಂಗಳದಲ್ಲಿ ಅಂಗಾತ ಮಲಗಿ. ಸಾಲಾಗಿ ನಿಂತ ಮೂರು ಚುಕ್ಕಿಗಳನ್ನು ಹಿಡಿದು ವಾಯವ್ಯಕ್ಕೆ ಗೆರೆ ಎಳೆದರೆ ಕೆಂಪಗೆ ಸಿಗುತ್ತದೆ. ಅಲ್ಲಿಂದ ಹೊರಟು 65 ವರ್ಷವಾದ ಬೆಳಕು ಅದು. ಅಜ್ಜನಿಗೆ ಅದನ್ನು ಏನನ್ನುತ್ತಾರೆ ಅಂತ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತಾರೀಖು, ಊರು, ಹೇಳಿದ ಮಾತು ಹೇಳಿದ ಹಾಗೆಯೇ ಬರೆದಿಡಿ.